ಬಾಗಿಲು ತೆರೆಯುವಷ್ಟು ತಳಮಳ

ನೋಡಲು ಬಂದವನ ಮನಸ್ಸು ಕದಡುವವರೆಗೆ ಹೊರಬಾಗಿಲೇ ತೆರೆಯದ ಒಂದು ಕಲಾಪ್ರದರ್ಶನವಿದ್ದರೆ ಏನಾಗಬಹುದು? ಕಲಾವಿದ ತಪನ್ ಹೆರಗು ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಸಿದ್ಧಪಡಿಸಿಟ್ಟುಕೊಂಡಿದ್ದ: ಜನ ಬದಲಾಗಿ ಹೊರಬರುತ್ತಾರೆ. ಬೆಂಗಳೂರಿನಲ್ಲಿ ಹಾಗೆ ಆಗಿಯೂ ಇತ್ತು. ಹುಬ್ಬಳ್ಳಿ ಕೊಟ್ಟ ಉತ್ತರ ಬೇರೆ. ಇಲ್ಲಿಯ ಜನ ಒಳಗೆ ಹೋದರು, ಎಲ್ಲವನ್ನೂ ಸಾವಕಾಶವಾಗಿ ನೋಡಿದರು, ಬಾಗಿಲು ತೆರೆಯದಿದ್ದಾಗ ತಂಪಾದ ಜಾಗ ಹುಡುಕಿ ಕುಳಿತರು, ಆಮೇಲೆ ಬುತ್ತಿ ಬಿಚ್ಚಿದರು.

ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಇದನ್ನೆಲ್ಲ ನೋಡುತ್ತಿದ್ದ ನೀಲಗಂಗಾ ಕುಸುಗಲ್ಲ ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಕಚ್ಚಿ ಚಪ್ಪಟೆ ಮಾಡಿದ್ದಳು. ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಬೆಂಗಳೂರಿನ ಸಂವೇದನಾ ಮಾಪನ ಕೇಂದ್ರವನ್ನು ಸೇರಿದ್ದ ಅವಳಿಗೆ ಈ ಪ್ರದರ್ಶನದ ಅಳತೆಯ ಹೊಣೆ ಬಿದ್ದಿತ್ತು. ತನ್ನ ಊರು ಎಂಬ ಕಾರಣಕ್ಕೆ ಹುಬ್ಬಳ್ಳಿಯನ್ನು ಸೂಚಿಸಿದವಳೂ ಅವಳೇ. ಈಗ ತನ್ನ ಊರಿನ ಮೇಲೆಯೇ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಪರದೆಯ ಬಲಬದಿಯಲ್ಲಿ ಒಳಗಿದ್ದವರ ಹೆಸರುಗಳ ಸಾಲು, ಪ್ರತಿ ಹೆಸರಿನ ಎದುರು ಸೊನ್ನೆ, ಸೊನ್ನೆಯ ಪಕ್ಕದಲ್ಲಿ ಹಸಿರು ಅಕ್ಷರಗಳಲ್ಲಿ ‘ಶಾಂತ’. ಫ್ಯಾನುಗಳ ಕೋಣೆಯಲ್ಲಿ ಒಬ್ಬಾತ ಗೊರಕೆ ಹೊಡೆಯುತ್ತಿದ್ದ. ಅವನ ಎದುರೂ ‘ಶಾಂತ’ ಎಂದೇ ಇತ್ತು. ಅದೊಂದನ್ನು ಮಾತ್ರ ಅವಳು ಒಪ್ಪಿಕೊಳ್ಳಲು ಸಿದ್ಧಳಿದ್ದಳು.

ಪ್ರದರ್ಶನ ನಡೆಯುತ್ತಿದ್ದುದು ಮುಚ್ಚಿಹೋಗಿದ್ದ ಒಂದು ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ. ಎತ್ತರದ ತಗಡಿನ ಛಾವಣಿ, ದಪ್ಪ ಕಲ್ಲಿನ ಗೋಡೆ, ಹಳೆಯ ಸಿಮೆಂಟಿನ ನೆಲ. ಮೇ ತಿಂಗಳ ಧೂಳು ಏಳದಿರಲೆಂದು ನೆಲವನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೀರು ಹಾಕಿ ಒರೆಸುತ್ತಿದ್ದರು. ಹೆಬ್ಬಾಗಿಲಿನ ಮೇಲೆ ‘ನೀವು ಬಂದ ಹಾಗೆ ಹಿಂದಿರುಗಲಾರಿರಿ’ ಎಂದು ಬರೆದಿತ್ತು. ಅದನ್ನು ಓದಿದ ಮೊದಲ ದಿನದ ಮೊದಲ ಪ್ರೇಕ್ಷಕರು, ಧೋತರ ಉಟ್ಟ ಹಿರಿಯರೊಬ್ಬರು, ಒಳಗಿನ ಒದ್ದೆ ನೆಲವನ್ನು ನೋಡಿ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಹೋದರು. ಒಂದು ಜೊತೆ ಚಪ್ಪಲಿ ಕಂಡ ಮೇಲೆ ಮುಂದಿನವರು ಕೇಳಬೇಕೆ? ಸಂಜೆಯ ಹೊತ್ತಿಗೆ ಅಲ್ಲೊಂದು ಚಪ್ಪಲಿಯ ಗುಡ್ಡೆಯೇ ಎದ್ದಿತ್ತು. ನಿಯಂತ್ರಣ ಕೊಠಡಿಗೆ ಹೋಗುವ ದಾರಿಯೂ ಅದೇ ಆದ್ದರಿಂದ ನೀಲಾ ಎರಡು ಸಲ ಎಡವಿದಳು. ಅಸ್ತವ್ಯಸ್ತವಾದ ಯಾವುದನ್ನೂ ಸಹಿಸುವ ಹೆಣ್ಣಲ್ಲ ಅವಳು. ಮರುದಿನ ಬೆಳಿಗ್ಗೆಯೇ ಕಬ್ಬಿಣದ ಕಪಾಟು ತರಿಸಿ, ಬಿಲ್ಲೆಗಳನ್ನು ಮಾಡಿಸಿ, ‘ಪಾದರಕ್ಷೆಗಳನ್ನು ಇಲ್ಲಿಯೇ ಬಿಡತಕ್ಕದ್ದು’ ಎಂಬ ಫಲಕವನ್ನೂ ತೂಗುಹಾಕಿಸಿದಳು. ಇಡೀ ಪ್ರದರ್ಶನದಲ್ಲಿ ಜನ ಚಾಚೂ ತಪ್ಪದೆ ಪಾಲಿಸಿದ ಸೂಚನೆ ಅದೊಂದೇ.

ಒಳಗೆ ನಾಲ್ಕು ಕೋಣೆ. ಮೊದಲನೆಯದರಲ್ಲಿ ಒಂದು ಕನ್ನಡಿ. ಎದುರು ನಿಂತವರ ಮುಖದಿಂದ ಕಣ್ಣುಗಳು ನಿಧಾನವಾಗಿ ಅಳಿಸಿಹೋಗುತ್ತವೆ. ಹುಬ್ಬಳ್ಳಿಯ ಹೆಂಗಸರು ಕಣ್ಣು ಅಳಿಸುವುದರೊಳಗೆ ಕುಂಕುಮ ಸರಿಮಾಡಿಕೊಂಡು ಮುಂದೆ ಹೋದರು. ಎರಡನೆಯದರಲ್ಲಿ ತಲೆಗೆ ತಾಗುವಷ್ಟು ಕೆಳಗೆ ತೂಗುಬಿಟ್ಟ, ಲಯ ತಪ್ಪಿ ತಿರುಗುವ ಫ್ಯಾನುಗಳು. ಬೆಂಗಳೂರಿನಲ್ಲಿ ಅವುಗಳ ಕೆಳಗೆ ಬಗ್ಗಿ ಕಿರುಚಿ ಓಡಿದವರಿದ್ದರು. ಇಲ್ಲಿ ಅದು ವಿಶ್ರಾಂತಿಯ ಕೋಣೆಯಾಯಿತು. ಮೂರನೆಯದು ಕೂದಲಿನಿಂದ ಮಾಡಿದ, ಪಂಪಿನ ಬಲದಿಂದ ಉಸಿರಾಡುವ ಗೋಡೆ. ಅದರ ಮುಂದೆ ನಿಂತ ಇಬ್ಬರು ವ್ಯಾಪಾರಿಗಳು ಕಿಲೋಗೆ ಏನು ದರ ಬರಬಹುದೆಂದು ಗಂಭೀರವಾಗಿ ಚರ್ಚಿಸಿದರು. ಕೊನೆಯ ಕೋಣೆಯಲ್ಲಿ ಒಂದು ಹಳೆಯ ಆರಾಮಕುರ್ಚಿ, ಅಷ್ಟೇ. ಅದರ ಆಸನದೊಳಗೆ ತೆಳುವಾದ ತಂತಿಯ ಜಾಲ ಹಾಸಿ, ಮನುಷ್ಯನ ಮೈಯ ಶಾಖದಷ್ಟೇ ಬೆಚ್ಚಗೆ ಇಟ್ಟಿದ್ದರು. ಯಾರೋ ಈಗ ತಾನೇ ಎದ್ದುಹೋದ ಹಾಗೆ.

“ಮೇಡಂ, ಇವ್ರಿಗೆ ಏನೂ ಆಗಲ್ವಾ?” ತಪನ್ ಪರದೆಗೆ ಬೆರಳು ಚುಚ್ಚಿ ಕೇಳಿದ. ಉದ್ದ ಕೂದಲಿನ, ಕಪ್ಪು ಬಟ್ಟೆಯ ತೆಳ್ಳಗಿನ ಮನುಷ್ಯ ಅವನು. ದಿನ ಕಳೆದಂತೆ ಇನ್ನೂ ತೆಳ್ಳಗಾಗುತ್ತಿದ್ದ. “ಫ್ಯಾನ್ ಕೆಳಗೆ ಮಲ್ಕೊಂಡಿದಾರೆ. ಅದು ಹಿಂಸೆಯ ರೂಪಕ.”

“ಹೊರಗ ಸುಡುಸುಡು ಬಿಸಲೈತ್ರಿ,” ಎಂದಳು ನೀಲಾ. “ನಿಮ್ಮ ರೂಪಕ ಗಾಳಿ ಬೀಸ್ತೈತಿ. ಮಲಗಲಾರದ ಏನ್ ಮಾಡ್ತಾರ?”

ತಪನ್‌ಗೆ ಇದರಲ್ಲಿ ಹಾಸ್ಯ ಕಾಣಲಿಲ್ಲ. ಮೊದಲ ದಿನ ಅಂಕಿಗಳು ಅಷ್ಟಿಷ್ಟು ಮೇಲೆ ಕೆಳಗೆ ಆಡಿದ್ದವು, ಕೆಲವರಿಗೆ ಬಾಗಿಲೂ ತೆರೆದಿತ್ತು. ಸೂಕ್ಷ್ಮ ಮನಸ್ಸಿನವರೆಲ್ಲ ಮೊದಲ ದಿನವೇ ಬಂದುಹೋಗುತ್ತಾರೆ, ಉಳಿದವರಿಗೆ ಚರ್ಮ ದಪ್ಪ ಎಂಬುದು ಅವನ ವಿವರಣೆ. ಅದನ್ನು ಸಾಬೀತುಪಡಿಸಲು ತಾನೇ ಬೂಟು ಟಪಟಪಿಸುತ್ತ ಒಳಗೆ ಹೋಗಿ, ತನ್ನದೇ ಕಲಾಕೃತಿಗಳನ್ನು ನೋಡಿ ತಾನೇ ಕದಡಿ, ಕೆಲವೇ ನಿಮಿಷಗಳಲ್ಲಿ ಹೊರಬಾಗಿಲಿನಿಂದ ಬಂದು ತೋರಿಸಿದ್ದ. ಅದನ್ನು ಅಲ್ಲಗಳೆಯಲು ನೀಲಾಳಿಗೆ ಕಾರಣ ಕಂಡಿರಲಿಲ್ಲ.

ಬಾಗಿಲು ತೆರೆಯುವ ಬಗೆ ಹೀಗಿತ್ತು. ಪ್ರತಿಯೊಬ್ಬ ಪ್ರೇಕ್ಷಕನ ಮಣಿಕಟ್ಟಿಗೆ ಒಂದು ಪಟ್ಟಿ. ಅದರಿಂದ ಗಮನಕ್ಕೂ ಬಾರದಷ್ಟು ಸಣ್ಣ, ಅತಿ ವೇಗವಾಗಿ ಕಂಪಿಸುವ ಒಂದು ವಿದ್ಯುತ್ ಸಂಕೇತ ದೇಹಕ್ಕೆ ಹೋಗುತ್ತದೆ. ಮನಸ್ಸು ಕದಡಿದಾಗ ಚರ್ಮ ಕಣ್ಣಿಗೆ ಕಾಣದಷ್ಟು ಬೆವರುತ್ತದೆ. ಬೆವರಿದ ಚರ್ಮದ ಮೂಲಕ ಸಂಕೇತ ಸುಲಭವಾಗಿ ಹಾಯುವುದರಿಂದ ಇಡೀ ದೇಹದ ವಿದ್ಯುತ್ ಒತ್ತಡ ಅಷ್ಟರಮಟ್ಟಿಗೆ ಏರುತ್ತದೆ. ಛಾವಣಿಯಿಂದ ಇಳಿಬಿಟ್ಟ ಗ್ರಾಹಕ ತಂತಿಗಳು ಈ ಏರಿಳಿತವನ್ನು ದೂರದಿಂದಲೇ ಓದಿ, ಸೊನ್ನೆಯಿಂದ ನೂರರವರೆಗಿನ ಒಂದು ಅಂಕಿಯನ್ನಾಗಿ ಪರಿವರ್ತಿಸುತ್ತವೆ. ಅದೇ ಕ್ಷೋಭಾಂಕ. ಯಾರದ್ದಾದರೂ ಕ್ಷೋಭಾಂಕ ನಲವತ್ತನ್ನು ದಾಟಿ ಒಂದು ನಿಮಿಷ ಅಲ್ಲಿಯೇ ನಿಂತರೆ ಬಾಗಿಲು ತೆರೆಯುತ್ತದೆ. ಬಂದ ಬಾಗಿಲಿನಿಂದ ಹಿಂದಿರುಗುವಂತಿರಲಿಲ್ಲ, ತಾಳಲಾರದವರಿಗಾಗಿ ನಿಯಂತ್ರಣ ಕೊಠಡಿಯ ಪಕ್ಕದಲ್ಲಿ ಬೇರೊಂದು ಬಾಗಿಲಿತ್ತು. ಕೇಳಿದರೆ ನೀಲಾ ತಕ್ಷಣ ತೆರೆಯುತ್ತಿದ್ದಳು. ಆದರೆ ಹುಬ್ಬಳ್ಳಿಯಲ್ಲಿ ಅದನ್ನು ಕೇಳಿದವರೇ ಇಲ್ಲ. ಹೊತ್ತು ಬಂದಾಗ ತೆರೆಯುತ್ತಾರೆ ಎಂಬ ನಂಬಿಕೆಯಿಂದ ಅವರು ತಾಲೂಕು ಕಚೇರಿಯ ಮುಂದೆ ಕೂರುವ ಹಾಗೆ ಕೂರುತ್ತಿದ್ದರು. ಸಂಜೆ ಪ್ರದರ್ಶನ ಮುಗಿಸುವಾಗ ನೀಲಾಳೇ ಕೀಲಿ ತಿರುಗಿಸಿ ಎಲ್ಲರನ್ನೂ ಹೊರಗೆ ಕಳುಹಿಸಬೇಕಾಗುತ್ತಿತ್ತು. ಹೋಗುವಾಗ ಅವರು ಅವಳಿಗೆ ಕೈಮುಗಿದು, ಬಹಳ ತಂಪಾಗಿತ್ತು ಎಂದು ಉಪಕಾರ ಸ್ಮರಿಸುತ್ತಿದ್ದರು.

ಇದು ಬರೀ ಕಲೆಯ ವಿಷಯವಾಗಿದ್ದರೆ ನೀಲಾ ನಕ್ಕು ಸುಮ್ಮನಾಗುತ್ತಿದ್ದಳೇನೋ. ಹಾಗಿರಲಿಲ್ಲ. ಇದೇ ಯಂತ್ರವನ್ನು ಕೆಲವು ಆಸ್ಪತ್ರೆಗಳಲ್ಲಿ ಆಗಲೇ ಪ್ರಯೋಗಕ್ಕೆ ಇಟ್ಟಿದ್ದರು. ಮನೋವೈದ್ಯರು ಕಡಿಮೆ, ರೋಗಿಗಳು ಹೆಚ್ಚು. ಯಾರನ್ನು ವೈದ್ಯರ ಬಳಿಗೆ ಕಳುಹಿಸಬೇಕು, ಯಾರನ್ನು ಮನೆಗೆ ಕಳುಹಿಸಬೇಕು ಎಂಬುದನ್ನು ಕ್ಷೋಭಾಂಕ ನಿರ್ಧರಿಸಲಿ ಎಂಬ ಯೋಜನೆ. ಸಾಮಾನ್ಯ ಜನರ ಅಂಕಿಗಳು ಸಿಗದೆ ಮಿತಿಯನ್ನು ಗೊತ್ತುಮಾಡುವಂತಿರಲಿಲ್ಲ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಮನಸ್ಸು ಕದಡುವುದಕ್ಕೆ ಯಾವ ಕಾನೂನೂ ಒಪ್ಪುವುದಿಲ್ಲ. ಕಲಾಪ್ರದರ್ಶನವಾದರೆ ಜನ ತಾವಾಗಿಯೇ ಬಂದು ಒಪ್ಪಿಗೆ ಕೊಡುತ್ತಾರೆ. ಈ ಉಪಾಯ ಹೊಳೆದದ್ದು ಕೇಂದ್ರದ ನಿರ್ದೇಶಕರಿಗೆ. ಅವರು ಆ ದಿನ ಬೆಳಿಗ್ಗೆಯೇ ಫೋನು ಮಾಡಿ, ಸಮಿತಿ ನಾಳೆ ಸೇರುತ್ತದೆ, ವರದಿ ಸಂಜೆಯೊಳಗೆ ಬೇಕು ಎಂದಿದ್ದರು. ಸೊನ್ನೆಗಳ ವಿಷಯ ತಿಳಿದು ಅವರಿಗೆ ಬೇಸರವೇನೂ ಆಗಲಿಲ್ಲ. ಆ ಕಡೆಯ ಜನ ಸ್ವಭಾವತಃ ಶಾಂತರು ಎಂದು ಬರೆದರೆ ಆಯಿತು, ಅಲ್ಲಿಯ ಜಿಲ್ಲೆಗಳಿಗೆ ಅಷ್ಟು ವೈದ್ಯರು ಬೇಕಾಗುವುದಿಲ್ಲ, ಅದೂ ಒಂದು ಫಲಿತಾಂಶವೇ ಎಂದರು.

ಆ ಮಾತು ನೀಲಾಳಿಗೆ ಎಲ್ಲೋ ಚುಚ್ಚಿತು. ಆದರೆ ಚುಚ್ಚಿತು ಎಂಬುದು ಪುರಾವೆಯಲ್ಲ. ಪುರಾವೆ ಅವಳ ಎದುರಿನ ಪರದೆಯ ಮೇಲಿತ್ತು. ಇನ್ನೊಂದು ಪುರಾವೆ ಅವಳ ಮನೆಯಲ್ಲಿತ್ತು.

ಮನೆಯಲ್ಲಿದ್ದವಳು ಅವಳ ಅವ್ವ ಗುರುಸಿದ್ದವ್ವ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಗುರುಸಿದ್ದವ್ವ ಹಾಲು ಕಾಯಲಿಟ್ಟಿದ್ದಾಗ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ ಗಂಡ ಒಂದು ಸಲ ನರಳಿದ. ಅವಳು ಓಡಿಹೋಗಿ ನೋಡುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಬೆಂಕಿ ಆರಿ, ಗ್ಯಾಸು ಸೋರುತ್ತಲೇ ಇತ್ತು. ಅವಳ ಕೂಗು ಕೇಳಿ ಬಂದು ಗಂಡನನ್ನು ಎತ್ತಿ ಒಯ್ದ ನೆರೆಯವರೇ ವಾಸನೆ ಹಿಡಿದು ಅದನ್ನು ಬಂದ್ ಮಾಡಿದರು. ಅಂದಿನಿಂದ ಗುರುಸಿದ್ದವ್ವನಿಗೆ ಗ್ಯಾಸಿನ ಗುಂಡಿಯದೇ ಧ್ಯಾನ. ಓಣಿಯ ತಿರುವಿನವರೆಗೆ ಹೋದವಳು ತಿರುಗಿ ಬರುತ್ತಾಳೆ. ಉಣ್ಣುತ್ತ ಕುಳಿತವಳು ಎದ್ದು ಹೋಗುತ್ತಾಳೆ. ಮುಟ್ಟಿ ನೋಡಿ ಬಂದ ಮೇಲೂ, ಮುಟ್ಟಿದೆನೋ ಇಲ್ಲವೋ ಎಂದು ಮತ್ತೆ ಹೋಗುತ್ತಾಳೆ. ಎದೆಯೊಳಗೆ ಇಲಿ ಓಡಾಡಿದ ಹಾಗಾಗುತ್ತದೆ ಎಂದು ಅವಳು ಒಂದು ದಿನ ಹೇಳಿದಾಗ, ನೀಲಾ ಅವಳನ್ನು ಪ್ರಯೋಗ ನಡೆಯುತ್ತಿದ್ದ ಆಸ್ಪತ್ರೆಗೆ ಕರೆದೊಯ್ದಿದ್ದಳು. ಗುರುಸಿದ್ದವ್ವ ವೈದ್ಯರ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಪರೀಕ್ಷೆಗೆ ಕುಳಿತ ಮಗುವಿನಂತೆ ಯಂತ್ರದ ಮುಂದೆ ಕುಳಿತಳು. ವೈದ್ಯರು ಪರದೆಯನ್ನು ಇತ್ತ ತಿರುಗಿಸಿ ತೋರಿಸಿದರು. ಸೊನ್ನೆ. ಶಾಂತ. ಇಂಥ ಗಟ್ಟಿ ಮನಸ್ಸು ಎಲ್ಲರಿಗೂ ಇರುವುದಿಲ್ಲ ಎಂದು ಹೊಗಳಿ ಮನೆಗೆ ಕಳುಹಿಸಿದರು.

“ಅದು ನೀ ಮಾಡಿದ ಮಿಷಿನ್ನೇನ?” ಎಂದು ಗುರುಸಿದ್ದವ್ವ ಆಟೋದಲ್ಲಿ ಕೇಳಿದ್ದಳು.

“ನಾನೂ ಮಾಡೇನಿ. ಇನ್ನೂ ನಾಕ ಮಂದಿ ಅದಾರ.”

“ಹಂಗಾರ ಖರೇನ ಇರಬೇಕ ಬಿಡು.”

ಅಂದಿನಿಂದ ಅವಳು ಇಲಿಯ ಮಾತು ಎತ್ತಲಿಲ್ಲ. ಗ್ಯಾಸು ನೋಡುವುದು ಮಾತ್ರ ನಿಲ್ಲಲಿಲ್ಲ. ಯಂತ್ರವೇ ಏನೂ ಇಲ್ಲವೆಂದ ಮೇಲೆ ಇದು ಹಟವಲ್ಲದೆ ಇನ್ನೇನು ಎಂದು ನೀಲಾ ತಾಳ್ಮೆಗೆಟ್ಟಳು. ಆ ದಿನ ಬೆಳಿಗ್ಗೆಯೂ ಅವ್ವ ರೊಟ್ಟಿ ಬಡಿಯುತ್ತ, ನೀ ಹೋಗುವಾಗ ಗ್ಯಾಸು ಒಮ್ಮೆ ನೋಡಿ ಹೋಗು ಎಂದಾಗ, ಬೆಂಕಿಯ ಮುಂದೆ ಕುಳಿತವಳೇ ನೋಡಿಕೊಳ್ಳಬೇಕು ಎಂದು ಸಿಡುಕಿ ಬಂದಿದ್ದಳು.

ಮಧ್ಯಾಹ್ನ ಪರದೆಯ ಮೇಲೆ ಆ ಅವ್ವನೇ ಕಾಣಿಸಿಕೊಂಡಾಗ ನೀಲಾಳ ಬಾಯಿಂದ ಪೆನ್ನಿನ ಮುಚ್ಚಳ ಕೆಳಗೆ ಬಿತ್ತು.

ಓಣಿಯ ಮಹಿಳಾ ಸಂಘದ ಹೆಂಗಸರೆಲ್ಲ ಬಂದಿದ್ದರು. ಮುಂದಾಳು ಎದುರುಮನೆಯ ಬಸಲಿಂಗವ್ವ. ಪ್ರವೇಶ ಪುಕ್ಕಟೆ, ಒಳಗೆ ತಂಪು ಎಂಬ ಸುದ್ದಿ ಓಣಿಗೆ ಮುಟ್ಟಿತ್ತು. ಅವರು ಕನ್ನಡಿಯ ಮುಂದೆ ಹಾದರು, ಫ್ಯಾನುಗಳ ಕೆಳಗೆ ಸೆರಗು ಬೀಸಿದರು, ಕೂದಲಿನ ಗೋಡೆಯನ್ನು ನೋಡಿ ಮೂಗು ಮುರಿದರು. ಕೊನೆಯ ಕೋಣೆಯಲ್ಲಿ ಗುರುಸಿದ್ದವ್ವ ಕುರ್ಚಿಯ ಹತ್ತಿರ ನಿಂತು, ಸುಮ್ಮನೆ ಎಂಬಂತೆ ಅಂಗೈಯನ್ನು ಆಸನದ ಮೇಲೆ ಇಟ್ಟಳು. ಇಟ್ಟ ಕೈಯನ್ನು ತೆಗೆಯಲಿಲ್ಲ. ಉಳಿದವರು ಅಲ್ಲಿಯೇ ಚಾಪೆ ಹಾಸಿ ಬುತ್ತಿ ಬಿಚ್ಚಿದಾಗಲೂ ಅವಳು ಕುರ್ಚಿಯ ಪಕ್ಕದಲ್ಲಿ ನೆಲಕ್ಕೆ ಕುಳಿತಳು, ಒಂದು ಕೈ ಆಸನದ ಮೇಲೆಯೇ ಇತ್ತು. ನೀಲಾ ಬಲಬದಿಯ ಸಾಲನ್ನು ನೋಡಿದಳು. ಗುರುಸಿದ್ದವ್ವ, ಸೊನ್ನೆ, ಶಾಂತ. ನೋಡಿ, ಇದೇ ಕೈ ದಿನಕ್ಕೆ ಹತ್ತು ಸಲ ಗ್ಯಾಸು ಮುಟ್ಟುವುದು ಎಂದುಕೊಂಡು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ತಪನ್‌ನ ಸಹನೆಯೂ ಅಲ್ಲಿಗೆ ಮುಗಿಯಿತು. ತನ್ನ ಕುರ್ಚಿಯ ಮುಂದೆ ಶೇಂಗಾ ಚಟ್ನಿ ಹಂಚುತ್ತಿದ್ದುದನ್ನು ಅವನಿಗೆ ನೋಡಲಾಗಲಿಲ್ಲ. ಎಲ್ಲ ಕೋಣೆಗಳ ತೀವ್ರತೆಯನ್ನೂ ತುದಿಗೆ ಏರಿಸಬೇಕು, ದೀಪ ಆರಿಸಬೇಕು, ಕೂಗಿನ ಧ್ವನಿಮುದ್ರಿಕೆ ಹಾಕಬೇಕು ಎಂದು ಪಟ್ಟುಹಿಡಿದ. ವಯಸ್ಸಾದವರಿದ್ದಾರೆ, ಸಾಧ್ಯವಿಲ್ಲ ಎಂದಳು ನೀಲಾ. ಹಾಗಿದ್ದರೆ ಅವರನ್ನು ಅಲ್ಲಿಂದ ಎಬ್ಬಿಸಿ ಎಂದ ಅವನು. ವರದಿ ಬರೆಯುವ ಕೆಲಸ ಬೇರೆ ಬಾಕಿ ಇತ್ತು. ನೀಲಾ ಒಂದು ಪಟ್ಟಿಯನ್ನು ಮಣಿಕಟ್ಟಿಗೆ ಬಿಗಿದುಕೊಂಡು ಧಡಧಡನೆ ಒಳಗೆ ನಡೆದಳು. ಸಿಬ್ಬಂದಿಯೂ ಪಟ್ಟಿಯಿಲ್ಲದೆ ಒಳಗೆ ಹೋಗಬಾರದೆಂಬ ನಿಯಮ ಅವಳದ್ದೇ.

ಕೊನೆಯ ಕೋಣೆಯ ಹೊಸ್ತಿಲಲ್ಲಿ ಅವ್ವ ಅವಳನ್ನು ತಡೆದಳು.

“ಬೂಟ ಅಲ್ಲೇ ಬಿಟ್ಟು ಬಾ. ಉಣ್ಣಾಕತ್ತಾರ ಕಾಣೂದಿಲ್ಲ?”

ನೀಲಾ ಹಲ್ಲು ಕಡಿಯುತ್ತ ಬೂಟು ಕಳಚಿದಳು, ಕಾಲುಚೀಲವನ್ನೂ ಕಿತ್ತು ಅದರೊಳಗೆ ತುರುಕಿದಳು. ಒದ್ದೆ ಸಿಮೆಂಟು ಅಂಗಾಲಿಗೆ ತಣ್ಣಗೆ ತಾಗಿತು.

“ಏಳ್ರಿ ಎಲ್ಲಾರೂ,” ಎಂದಳು. “ಇದು ಉಣ್ಣೂ ಜಾಗಾ ಅಲ್ಲ.”

“ಬಾಗಲಾ ತೆಗೀವಲ್ರು. ಏನ್ ಮಾಡೂನು?” ಎಂದಳು ಗುರುಸಿದ್ದವ್ವ.

“ನಿಮಗ ತಳಮಳ ಆದ್ರ ತಾನ ತೆರೀತೈತಿ.”

“ತಳಮಳಾ ಮನ್ಯಾಗ ಬೇಕಾದಷ್ಟ ಐತವಾ,” ಎಂದಳು ಬಸಲಿಂಗವ್ವ, ರೊಟ್ಟಿ ಮುರಿಯುತ್ತ. “ಅದು ಸಾಕಾಗೇ ಇಲ್ಲಿ ಬಂದು ಕುಂತೇವಿ. ಬಾ, ನೀನೂ ಒಂದ ತುತ್ತ ಉಣ್ಣು.”

ನೀಲಾಳಿಗೆ ಅಲ್ಲಿಯವರೆಗೆ ಅದುಮಿಟ್ಟಿದ್ದೆಲ್ಲ ಒಮ್ಮೆಲೇ ಹೊರಗೆ ಬಂತು. ನಾಲ್ಕು ವರ್ಷದ ಕೆಲಸ ಇವರ ಶೇಂಗಾ ಚಟ್ನಿಯಲ್ಲಿ ಮುಳುಗುತ್ತಿದೆ ಎಂದಳು. ಊರಿಗೆ ಊರೇ ಕಲ್ಲಿನ ಹಾಗೆ ಕುಳಿತರೆ ನಾಳೆ ಈ ಊರಿಗೆ ಒಬ್ಬ ವೈದ್ಯನೂ ಬರುವುದಿಲ್ಲ ಎಂದಳು. ಮನೆಯಲ್ಲಿ ಗ್ಯಾಸಿನ ಕಾಟ, ಇಲ್ಲಿ ಇವರ ಕಾಟ, ಮನುಷ್ಯರು ಎಲ್ಲಿಗೆ ಹೋಗಬೇಕು ಎಂದು ಕೇಳಿದಳು. ಅವಳ ಧ್ವನಿ ನಡುಗುತ್ತಿತ್ತು, ಕಿವಿ ಬಿಸಿಯಾಗಿತ್ತು, ಅಂಗೈ ಬೆವೆತು ಜಾರುತ್ತಿತ್ತು. ಹೆಂಗಸರು ರೊಟ್ಟಿ ಕೈಯಲ್ಲಿ ಹಿಡಿದು ಅವಳನ್ನೇ ನೋಡಿದರು.

ಬಸಲಿಂಗವ್ವ ಮಾತ್ರ ಹೊರಬಾಗಿಲಿನ ಮೇಲಿನ ಫಲಕವನ್ನು ನೋಡುತ್ತಿದ್ದಳು. ಒಳಗಿದ್ದವರ ಹೆಸರೂ ಅಂಕಿಯೂ ಅಲ್ಲಿ ದೊಡ್ಡದಾಗಿ ಬೆಳಗುತ್ತಿದ್ದವು. “ಬೈದಿ ಖರೆ,” ಎಂದಳು, “ಆದ್ರ ನೀನೂ ನಮ್ಮಂಗ ಆರಾಮ ಅದಿ ನೋಡು.”

ನೀಲಾ ತಲೆಯೆತ್ತಿದಳು. ಅವಳ ಹೆಸರಿನ ಎದುರು ಸೊನ್ನೆ ಇತ್ತು. ಸೊನ್ನೆಯ ಪಕ್ಕದಲ್ಲಿ ಹಸಿರು ಅಕ್ಷರಗಳಲ್ಲಿ ‘ಶಾಂತ’.

ಇಡೀ ಕಟ್ಟಡದಲ್ಲಿ ಆ ಗಳಿಗೆ ಅವಳಷ್ಟು ಕದಡಿದವರು ಇನ್ನೊಬ್ಬರಿರಲಿಲ್ಲ. ಇದನ್ನು ಅವಳಿಗೆ ಯಾವ ಯಂತ್ರವೂ ಹೇಳಬೇಕಾಗಿರಲಿಲ್ಲ. ಯಂತ್ರ ಸುಳ್ಳು ಹೇಳುತ್ತಿದೆ ಎಂದರೆ ಎಲ್ಲಿ, ಯಾವಾಗಿನಿಂದ? ಬೆಳಿಗ್ಗೆ ತಂತಿಗಳನ್ನು ಪರೀಕ್ಷಿಸಲು ಬೂಟು ಹಾಕಿಕೊಂಡು ಇದೇ ಕೋಣೆಯಲ್ಲಿ ಓಡಾಡಿದಾಗ ಅವಳ ಅಂಕಿ ಇಪ್ಪತ್ತರ ಆಸುಪಾಸು ಇತ್ತಲ್ಲ? ಆಗಿನಿಂದ ಈಗಿನವರೆಗೆ ಬದಲಾದದ್ದು ಏನು?

ಅವಳು ಹೊಸ್ತಿಲಿಗೆ ಹೋಗಿ ಎರಡೂ ಕಾಲನ್ನು ಬೂಟಿನೊಳಗೆ ತೂರಿಸಿದಳು. ಫಲಕದ ಮೇಲೆ ಐವತ್ತಾರು. ಕಾಲು ಹೊರತೆಗೆದು ನೆಲಕ್ಕೆ ಇಟ್ಟಳು. ಸೊನ್ನೆ. ಮತ್ತೆ ತೂರಿಸಿದಳು. ಐವತ್ತೊಂಬತ್ತು. ಮತ್ತೆ ನೆಲ, ಮತ್ತೆ ಸೊನ್ನೆ.

“ಕಾಲಿಗೆ ಏನರ ಕಡೀತೇನು?” ಎಂದಳು ಗುರುಸಿದ್ದವ್ವ.

ಕಡಿದದ್ದು ಕಾಲಿಗಲ್ಲ. ಒದ್ದೆ ನೆಲದ ಮೇಲೆ ಬರಿಗಾಲು ಇಟ್ಟರೆ ದೇಹ ನೇರವಾಗಿ ಭೂಮಿಗೆ ಜೋಡಣೆಯಾಗುತ್ತದೆ. ಪಟ್ಟಿ ಕೊಟ್ಟ ಸಂಕೇತವೆಲ್ಲ ಅಂಗಾಲಿನ ಮೂಲಕ ನೆಲಕ್ಕೆ ಇಳಿದುಹೋಗುತ್ತದೆ, ಮೇಲಿನ ತಂತಿಗಳಿಗೆ ಏನೂ ಕೇಳಿಸುವುದಿಲ್ಲ. ಪ್ರೌಢಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಬೆಂಗಳೂರಿನ ಪ್ರಯೋಗಾಲಯದಲ್ಲಿ ರಬ್ಬರಿನ ಅಟ್ಟೆಯ ಬೂಟಿಲ್ಲದೆ ಒಳಗೆ ಬಿಡುವುದೇ ಇಲ್ಲ, ಅಲ್ಲಿಯ ಪ್ರದರ್ಶನಕ್ಕೆ ಬಂದವರೂ ಕಾಲಿನದನ್ನು ಕಳಚಿರಲಿಲ್ಲ, ಆದ್ದರಿಂದ ಅಲ್ಲಿ ಯಾರಿಗೂ ಅದು ಎದುರಾಗಲಿಲ್ಲ. ಇನ್ನು ತಂತಿಗಳಿಗೆ ಏನೂ ಕೇಳಿಸದಿದ್ದರೆ ಸೊನ್ನೆ ಎಂದು ಬರೆ, ಸೊನ್ನೆಯಾದರೆ ಶಾಂತ ಎಂದು ಬರೆ ಎಂಬ ಆಜ್ಞೆ ತಂತ್ರಾಂಶದಲ್ಲಿತ್ತು. ಅಳತೆ ಸೊನ್ನೆ ಎನ್ನುವುದು ಬೇರೆ, ಅಳತೆಯೇ ಆಗಿಲ್ಲ ಎನ್ನುವುದು ಬೇರೆ. ಆ ಸಾಲನ್ನು ಬರೆದವಳು ನೀಲಾ. ಅಚ್ಚುಕಟ್ಟಾಗಿರಲಿ ಎಂದು ಖಾಲಿ ಜಾಗ ಬಿಡದೆ ಸೊನ್ನೆ ತುಂಬಿಸಿದ್ದಳು. ಅಚ್ಚುಕಟ್ಟಾಗಿರಲಿ ಎಂದೇ ಚಪ್ಪಲಿಯ ಕಪಾಟನ್ನೂ ಇಡಿಸಿದ್ದಳು. ಮೊದಲ ದಿನ ಕೆಲವರಾದರೂ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಿದ್ದರು. ಅವಳು ಪಾದರಕ್ಷೆಯ ಫಲಕ ಹಾಕಿಸಿದ ಮೇಲೆ ಅಂಥವರು ಒಬ್ಬರೂ ಉಳಿಯಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ತಲೆ ಚಚ್ಚಿಕೊಂಡು ಸುಮ್ಮನಾಗಬಹುದಿತ್ತು. ಆದರೆ ಅವಳ ಕಣ್ಣ ಮುಂದೆ ವೈದ್ಯರ ಕೋಣೆಯ ಬಾಗಿಲು ಬಂದು ನಿಂತಿತು. ಯಾವ ಊರಿನ ಯಾವ ಆಸ್ಪತ್ರೆಯಲ್ಲಿಯಾದರೂ ವೈದ್ಯರ ಬಾಗಿಲ ಮುಂದೆ ಕಾಣುವ ಚಪ್ಪಲಿಗಳ ಸಾಲು, ಒಳಗೆ ಆಗಾಗ ಒರೆಸುವ ಒದ್ದೆ ನೆಲ. ಆ ಸಾಲಿನಲ್ಲಿ ಅವ್ವನದ್ದೂ ಒಂದು ಜೊತೆ.

ನೀಲಾ ನಿಯಂತ್ರಣ ಕೊಠಡಿಗೆ ಓಡಿ, ಅಳತೆಯ ಯಂತ್ರ ಮತ್ತು ದೀಪಗಳನ್ನು ಬಿಟ್ಟು ಉಳಿದೆಲ್ಲವನ್ನೂ ಆರಿಸಿದಳು. ಕನ್ನಡಿಗೆ ಕಣ್ಣು ಬಂತು, ಫ್ಯಾನುಗಳು ನಿಂತವು, ಗೋಡೆಯ ಉಸಿರು ನಿಂತಿತು, ಕುರ್ಚಿಯ ಶಾಖದ ತಂತಿಗೆ ವಿದ್ಯುತ್ ಕಡಿದುಹೋಯಿತು. ಫ್ಯಾನಿನ ಕೆಳಗೆ ಮಲಗಿದ್ದವನು ಕಣ್ಣುಬಿಟ್ಟು ಯಾರನ್ನೋ ಬೈದ. ತಪನ್ ಏನಾಯಿತೆಂದು ಕೇಳುತ್ತಿದ್ದರೂ ಉತ್ತರಿಸದೆ ಅವಳು ಕಪಾಟಿನಿಂದ ಅವ್ವನ ಚಪ್ಪಲಿ ಹುಡುಕಿ ತೆಗೆದಳು. ಹಿಮ್ಮಡಿ ಸವೆದ ನೀಲಿ ಪಟ್ಟಿಯ ಚಪ್ಪಲಿ.

“ಚಪ್ಪಲಿ ಒಳಗ್ಯಾಕೆ ತರ್ತಿದೀರಾ?” ತಪನ್ ಅಡ್ಡ ನಿಂತ. “ಬೋರ್ಡ್ ಹಾಕ್ಸಿದ್ದು ನೀವೇ ತಾನೇ?”

“ಹೌದ್ರಿ, ನಾನ ಹಾಕ್ಸಿದ್ದು. ಈಗ ಸರೀರಿ.”

ಗುರುಸಿದ್ದವ್ವ ಸುಲಭಕ್ಕೆ ಒಪ್ಪಲಿಲ್ಲ. ಉಂಡ ಜಾಗದಲ್ಲಿ ಚಪ್ಪಲಿ ಮೆಟ್ಟುವುದೆಂದರೇನು, ಹತ್ತು ಜನ ಏನೆಂದಾರು ಎಂದು ಕಾಲು ಹಿಂದಕ್ಕೆ ಎಳೆದುಕೊಂಡಳು. ನೀಲಾ ಅವಳನ್ನು ನೆಲದಿಂದ ಎಬ್ಬಿಸಿ ನಿಲ್ಲಿಸಿ, ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಒಂದೊಂದೇ ಕಾಲನ್ನು ಹಿಡಿದು ತಾನೇ ಹಾಕಿದಳು. ಬಸಲಿಂಗವ್ವ ನಗುತ್ತ, ಇಂಥ ಸೇವೆ ಸೊಸೆಯಂದಿರೂ ಮಾಡುವುದಿಲ್ಲ ಎಂದಳು.

ಫಲಕದ ಮೇಲೆ ಸೊನ್ನೆ ಹೋಗಿ ನಲವತ್ತೊಂದು ಬಂತು. ಒಂದೂ ಕಲಾಕೃತಿ ನಡೆಯುತ್ತಿರಲಿಲ್ಲ. ಬರೀ ಒಂದು ಕೋಣೆ, ಬಿಳ್ಳನೆಯ ದೀಪ, ಊಟ ಮುಗಿಸಿದ ಹೆಂಗಸರು. ಬೆಂಗಳೂರಿನಲ್ಲಿ ಫ್ಯಾನುಗಳ ಕೆಳಗೆ ಕಿರುಚಿದವರ ಅಂಕಿ ಅದು. ಅವ್ವ ದಿನವಿಡೀ, ರೊಟ್ಟಿ ಬಡಿಯುವಾಗಲೂ, ಓಣಿಯಲ್ಲಿ ನಡೆಯುವಾಗಲೂ, ಇದೇ ಅಂಕಿಯೊಳಗೆ ಬದುಕುತ್ತಿದ್ದಳೇ?

ಗುರುಸಿದ್ದವ್ವ ಫಲಕವನ್ನು ನೋಡಲಿಲ್ಲ. ಬಗ್ಗಿ ನಿಂತ ಅವಳ ಕೈ ಆಸನದ ಮೇಲೆಯೇ ಇತ್ತು. ಮುಖದಲ್ಲಿ ಏನೂ ಬದಲಾಗಲಿಲ್ಲ. ಒಲೆಯ ಮುಂದೆ ಕುಳಿತಾಗ ಇರುವ ಮುಖವೇ ಅದು.

“ಇದೂ ಆರಾಕತ್ತೈತಿ ನೀಲಾ,” ಎಂದಳು.

“ಏನವ್ವಾ?”

“ಕುರ್ಚಿ. ಅವತ್ತ ನಿಮ್ಮಪ್ಪನ್ನ ಎತ್ತಿ ಒಯ್ದ ಮ್ಯಾಲ ಹಿಂಗ ಬೆಚ್ಚಗಿತ್ತು. ನಾ ಕೈ ಇಟ್ಟ ಕುಂತೆ. ಆರಬಾರದು ಅಂತ ಸೆರಗು ಹೊಚ್ಚಿದೆ.” ಅವಳು ಕೈಯನ್ನು ಆಸನದ ಇನ್ನೊಂದು ಅಂಚಿಗೆ ಸರಿಸಿ, ಅಲ್ಲಿ ಇನ್ನೂ ಉಳಿದಿದೆಯೇನೋ ಎಂದು ತಡವಿದಳು. “ಮಂದಿ ಗ್ಯಾಸ ಗ್ಯಾಸ ಅಂತ ಒದರಾಕತ್ತಿದ್ರು. ನನಗ ಕೇಳಸ್ತಿತ್ತು. ಏಳಾಕ ಆಗಲಿಲ್ಲ. ಎದ್ರ ಆರಿಬಿಡ್ತಿತ್ತಲ್ಲ.”

ಅರವತ್ತೆರಡು. ಎಪ್ಪತ್ತೈದು. ಎಂಬತ್ತೊಂಬತ್ತು. ಅಂಕಿ ಅಲ್ಲಿ ನಿಂತಿತು, ಇಳಿಯಲಿಲ್ಲ. ಈ ಎತ್ತರದ ಅಂಕಿಯನ್ನು ನೀಲಾ ಪ್ರಯೋಗಾಲಯದಲ್ಲಿಯೂ ನೋಡಿರಲಿಲ್ಲ. ಹಸಿರು ಅಕ್ಷರ ಆಗಲೇ ಮಾಯವಾಗಿತ್ತು. ನಲವತ್ತರ ಮೇಲೆ ಒಂದು ನಿಮಿಷ ಕಳೆಯಿತು. ಆಮೇಲೆ ಕಾರ್ಖಾನೆಯ ಹಿಂದಿನ ದೊಡ್ಡ ಬಾಗಿಲು ಗಡಗಡನೆ ಸರಿದು, ಹೊರಗಿನ ಬಿಸಿಲು ಕೋಣೆಯ ಅರ್ಧದವರೆಗೆ ಬಂದು ಬಿತ್ತು.

ಹೆಂಗಸರು ಡಬ್ಬಿ ಮುಚ್ಚಿ ಚಾಪೆ ಸುತ್ತತೊಡಗಿದರು. ಬಸಲಿಂಗವ್ವ ಈ ಸಲ ನಗಲಿಲ್ಲ. ಗುರುಸಿದ್ದವ್ವನ ಡಬ್ಬಿಯನ್ನೂ ತಾನೇ ತೊಳೆದು ಚೀಲಕ್ಕೆ ಹಾಕಿದಳು. ಹಿಂದೆಯೇ ಓಡಿಬಂದಿದ್ದ ತಪನ್ ಫಲಕವನ್ನು ನೋಡಿ ಹಣೆ ಒತ್ತಿಕೊಂಡ. ಕೊನೆಗೂ ಕುರ್ಚಿ ಕೆಲಸ ಮಾಡಿತು, ತಾನು ಮೊದಲಿನಿಂದಲೂ ಹೇಳಿದ್ದೆ ಎಂದ. ಕುರ್ಚಿಯ ವಿದ್ಯುತ್ ತೆಗೆದು ಆಗಲೇ ಹೊತ್ತಾಯಿತು ಎಂದು ಈ ಮನುಷ್ಯನಿಗೆ ಹೇಳಿ ಪ್ರಯೋಜನವಿಲ್ಲವೆನಿಸಿ ನೀಲಾ ಅವನನ್ನು ದಾಟಿ ಹೊರಟಳು.

ಅವಳು ಕೊಠಡಿಗೆ ಹೋಗಿ ನಿರ್ದೇಶಕರಿಗೆ ಫೋನು ಮಾಡಿದಳು. ಹುಬ್ಬಳ್ಳಿಯ ಸೊನ್ನೆಗಳು ಅಳತೆಗಳೇ ಅಲ್ಲ, ಅವನ್ನು ಸಮಿತಿಯ ಮುಂದೆ ಇಡಕೂಡದು, ಆಸ್ಪತ್ರೆಗಳಲ್ಲಿರುವ ಯಂತ್ರಗಳನ್ನು ಇಂದೇ ನಿಲ್ಲಿಸಿ, ಶಾಂತ ಎಂದು ಮನೆಗೆ ಕಳುಹಿಸಿದವರನ್ನೆಲ್ಲ ಮತ್ತೆ ಕರೆಸಬೇಕು ಎಂದು ಕಾರಣಸಹಿತ ವಿವರಿಸಿದಳು. ಚಪ್ಪಲಿಯ ನೆಪದಲ್ಲಿ ಇಡೀ ಯೋಜನೆಯನ್ನು ನಿಲ್ಲಿಸುವುದೇ ಎಂದು ಅವರು ಕೇಳಿದರು. ಹೌದು ಎಂದಳು. ತಂತ್ರಾಂಶದ ಆ ತಪ್ಪು ಸಾಲು ಯಾರದೆಂದು ಕೇಳಿದರು. ನನ್ನದು ಎಂದಳು. ಅವಳ ಕೆಲಸದ ವಿಷಯ ನಾಳೆ ಮಾತಾಡುವುದಾಗಿ ಹೇಳಿ ಅವರು ಫೋನು ಇಟ್ಟರು. ನೀಲಾ ಅದನ್ನೇ ಎರಡು ಪುಟಗಳಲ್ಲಿ ಬರೆದು ಸಮಿತಿಯ ಸದಸ್ಯರೆಲ್ಲರಿಗೂ ನೇರವಾಗಿ ಕಳುಹಿಸಿದಳು. ಆಮೇಲೆ ಹೆಬ್ಬಾಗಿಲಿಗೆ ಬಂದು ಪಾದರಕ್ಷೆಯ ಫಲಕವನ್ನು ಕಿತ್ತು, ಬೆನ್ನು ಹೊರಗೆ ಮಾಡಿ ಗೋಡೆಗೆ ಒರಗಿಸಿದಳು.

ಗುರುಸಿದ್ದವ್ವ ಬಿಸಿಲಿನಲ್ಲಿ ಒಬ್ಬಳೇ ನಿಂತಿದ್ದಳು. ಉಳಿದವರು ಮುಂದೆ ಹೋಗಿದ್ದರು.

“ನೀಲಾ,” ಎಂದಳು, ಮಗಳ ಮುಖವನ್ನು ನೋಡದೆ, ಬೈಸಿಕೊಳ್ಳಲು ಆಗಲೇ ಸಿದ್ಧಳಾದವಳಂತೆ, “ಬರೂ ಮುಂದ ಗ್ಯಾಸ ಬಂದ್ ಮಾಡಿದ್ನೇನ ನಾನು?”

ಮಾಡಿದ್ದೀ, ಹತ್ತು ಸಲ ಮಾಡಿದ್ದೀ ಎಂಬ ಮಾತು ರೂಢಿಯಂತೆ ನೀಲಾಳ ನಾಲಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿದಳು.

“ನಾ ನೋಡಿಲ್ಲವಾ. ನಡಿ, ಇಬ್ರೂ ಹೋಗಿ ನೋಡೂಣು. ಆಮ್ಯಾಲ ಡಾಕ್ಟರ ಕಡೆ ಹೋಗೂಣು.”

“ಅವರು ಏನೂ ಇಲ್ಲ ಅಂದಾರಲ್ಲ.”

“ಮಿಷಿನ್ನಿಗೆ ಕೇಳ್ಸಿರಲಿಲ್ಲ. ಇವತ್ತ ನೀನ ಹೇಳು, ಕುರ್ಚೀದು, ಇಲೀದು, ಎಲ್ಲಾ. ಚಪ್ಪಲಿ ಮಾತ್ರ ಬಿಡಬ್ಯಾಡ.”

“ಡಾಕ್ಟರ ಮುಂದ ಚಪ್ಪಲಿ ಹಾಕ್ಕೊಂಡು ಕುಂದರೂದೇನ?” ಗುರುಸಿದ್ದವ್ವ ಸಂಕೋಚದಿಂದ ತನ್ನ ಕಾಲನ್ನು ನೋಡಿಕೊಂಡಳು. “ಅವರ ಏನ್ ಅಂದ್ಕೊಂಡಾರು?”

“ಅಂದ್ಕೊಳ್ಳಲಿ,” ಎಂದಳು ನೀಲಾ, ಮತ್ತು ಆಟೋ ಕರೆಯಲು ಕೈಯೆತ್ತಿದಳು.